ಬೆಳ್ಳಿತೆರೆಯ ಮೇಲೆ ಮನೋವೈದ್ಯ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

ಮೈಸೂರಿನಿಂದ ಹುಣಸೂರಿಗೆ ಹೋಗುವ ರಸ್ತೆಯಲ್ಲಿ ನಮ್ಮ ಊರಾದ ಇಲವಾಲ ಸಿಕ್ಕುತ್ತದೆ. 1957ರ ಸೆಪ್ಟೆಂಬರ್ ತಿಂಗಳಲ್ಲಿ ಇಲ್ಲಿ ನಡೆದ ಗ್ರಾಮದಾನ ಸಮ್ಮೇಳನಕ್ಕೆ ವಿನೋಬಾ ಭಾವೆಯವರೂ ಪ್ರಧಾನಮಂತ್ರಿ ನೆಹರೂ ಅವರೂ ಬಂದಿದ್ದರೆಂಬುದು ಊರಿನ ಹಿರಿಯರು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿ. ನನ್ನ ಹೆಮ್ಮೆ ಅಷ್ಟು ಘನವಾದದ್ದಲ್ಲ. ಈ ರಸ್ತೆಯ ಒಂದು ಕಡೆಗಿರುವ ಮೈಸೂರಿನಲ್ಲಿ 1950ರಲ್ಲಿ ವಿಷ್ಣುವರ್ಧನರು ಹುಟ್ಟಿದರು. ಇನ್ನೊಂದು ಕಡೆಗಿರುವ ಹುಣಸೂರಿನಲ್ಲಿ 1942ರಲ್ಲಿ ದ್ವಾರಕೀಶರು ಹುಟ್ಟಿದರು. ಕನ್ನಡ ಚಿತ್ರರಂಗದ ಅತಿ ಎತ್ತರದ ನಾಯಕರಲ್ಲಿ ಒಬ್ಬರೂ ಅತಿ ಗಿಡ್ಡನೆಯ ನಾಯಕರೂ ಒಂದೇ ರಸ್ತೆಯ ಮಕ್ಕಳು, ನಾವು ನಡುವಿನ ಊರಿನವರು ಎಂದುಕೊಂಡರೆ ನನಗೆ ಸಂತೋಷವಾಗುತ್ತದೆ.

ಈ ಇಬ್ಬರೂ ಸೇರಿ ನಟಿಸಿದ ಒಂದು ಚಿತ್ರವನ್ನು ಮುಂದಿಟ್ಟುಕೊಂಡು, ಸಿನಿಮಾದಲ್ಲಿ ಮನೋವೈದ್ಯ ಮತ್ತು ರೋಗಿ ಎಂಬ ಜೋಡಿ ಯಾಕೆ ನಗೆಯನ್ನು ಹುಟ್ಟಿಸುತ್ತದೆ, ಆ ನಗೆಯಿಂದ ಯಾರಿಗೇನು ಪ್ರಯೋಜನ ಅಥವಾ ನಷ್ಟ ಎಂಬುದನ್ನು ನನಗೆ ತಿಳಿದ ಮಟ್ಟಿಗೆ ವಿವರಿಸುವುದು ಈ ಲೇಖನದ ಉದ್ದೇಶ. ಪರೀಕ್ಷೆಗೆ ಓದಬೇಕಾದ ಕಾಲದಲ್ಲಿ ಸಿನಿಮಾ ವಿಚಾರವೇಕೆ ಎಂದು ಅಧ್ಯಾಪಕರು ಕೇಳಬಹುದು. ಮನಶ್ಶಾಸ್ತ್ರ ನನ್ನ ಐಚ್ಛಿಕ ವಿಷಯಗಳಲ್ಲಿ ಒಂದು ಎಂಬುದು ಹೇಳಿಕೊಳ್ಳಲು ಅನುಕೂಲವಾದ ಉತ್ತರ. ನಿಜವಾದ ಕಾರಣ ನಮ್ಮ ಮನೆಯಲ್ಲೇ ಇದೆ. ಅದನ್ನು ಮುಂದೆ ಹೇಳುತ್ತೇನೆ.

ವೈದ್ಯನ ಕೋಣೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಕುರ್ಚಿ ಅವನದು, ಲೇಖನಿ ಅವನದು, ಪ್ರಶ್ನೆ ಅವನದು, ಸಮಯವೂ ಅವನದು. ರೋಗಿಯ ಪಾಲಿಗೆ ಉಳಿಯುವುದು ಉತ್ತರ ಕೊಡುವುದು ಮಾತ್ರ. ಜ್ವರಕ್ಕೋ ಹೊಟ್ಟೆನೋವಿಗೋ ಹೋದವನಿಗೆ ಇದರಿಂದ ಅವಮಾನವಾಗುವುದಿಲ್ಲ. ಆದರೆ ಮನಸ್ಸಿನ ಕಾಯಿಲೆಗೆ ಹೋದವನು ತನ್ನ ಒಳಗನ್ನೇ ಬಿಚ್ಚಿ ಇಡಬೇಕಾಗುತ್ತದೆ. ಜಗತ್ತಿನಲ್ಲಿ ಇದಕ್ಕಿಂತ ಹೆಚ್ಚು ಏರುಪೇರಾದ ಸಂಭಾಷಣೆ ಪೊಲೀಸ್ ಠಾಣೆಯಲ್ಲಿ ಮಾತ್ರ ನಡೆಯುತ್ತದೆಯೆಂದು ನನಗೆ ತೋರುತ್ತದೆ. ಹಾಸ್ಯಗಾರನಿಗೆ ಬೇಕಾದದ್ದು ಇಂಥ ಏರುಪೇರೇ. ತಕ್ಕಡಿಯ ಮೇಲಿನ ತಟ್ಟೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಮಾಡಿದರೆ ನಗೆ ತಾನಾಗಿ ಬರುತ್ತದೆ.

1999ರಲ್ಲಿ ಹೆರಾಲ್ಡ್ ರಾಮಿಸ್ ನಿರ್ದೇಶಿಸಿದ ‘ಅನಲೈಜ್ ದಿಸ್’ ಎಂಬ ಅಮೆರಿಕದ ಚಿತ್ರ ಇದಕ್ಕೆ ಒಳ್ಳೆಯ ಉದಾಹರಣೆ. ರಾಬರ್ಟ್ ಡಿ ನಿರೋ ಅದರಲ್ಲಿ ನ್ಯೂಯಾರ್ಕಿನ ಪಾತಕಿಗಳ ನಾಯಕ. ಬಿಲ್ಲಿ ಕ್ರಿಸ್ಟಲ್ ಒಬ್ಬ ಸಾಧಾರಣ ಮನೋವೈದ್ಯ. ಡಿ ನಿರೋ ಎಂದರೆ ಅಲ್ಲಿಯವರಿಗೆ ಕ್ರೌರ್ಯದ ಪಾತ್ರಗಳು ನೆನಪಾಗುತ್ತವೆ. ಕ್ರಿಸ್ಟಲ್ ಎಂದರೆ ವಟವಟ ಮಾತಿನ ವಿನೋದಗಾರ. ಇಂಥ ಹೊಂದದ ಇಬ್ಬರನ್ನು ಎದುರುಬದುರು ಕೂರಿಸಿದ್ದೇ ಅರ್ಧ ಹಾಸ್ಯ. ನೂರಾರು ಜನರನ್ನು ನಡುಗಿಸುವ ಪಾತಕಿಗೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ದೂರದರ್ಶನದ ಜಾಹೀರಾತು ನೋಡಿದರೂ ಅಳು ಬರುತ್ತದೆ. ವೈದ್ಯನು, ತನಗೆ ಕೋಪ ಬಂದಾಗ ದಿಂಬಿಗೆ ಹೊಡೆಯುತ್ತೇನೆ ಎಂದು ಹೇಳಿದರೆ ಅವನು ಪಿಸ್ತೂಲು ತೆಗೆದು ದಿಂಬಿಗೆ ಗುಂಡು ಹೊಡೆಯುತ್ತಾನೆ. ನೋಡುವವರು ನಗುತ್ತಾರೆ. ಆದರೆ ಇಷ್ಟು ನಗಿಸಿದ ಮೇಲೂ ಚಿತ್ರವು ಅವನ ಕಾಯಿಲೆಯನ್ನು ಸುಳ್ಳೆಂದು ಹೇಳುವುದಿಲ್ಲ. ಬಾಲ್ಯದಲ್ಲಿ ಕಣ್ಣೆದುರಿಗೇ ತಂದೆಯ ಕೊಲೆಯಾದದ್ದು ಅವನ ಮನಸ್ಸಿನಲ್ಲಿ ಕೂತಿದೆ. ಅದನ್ನು ಅವನು ಬಾಯಿಬಿಟ್ಟು ಹೇಳುವಾಗ ನಮ್ಮ ನಗೆ ನಿಲ್ಲುತ್ತದೆ.

ಇದಕ್ಕೆ ಎಂಟು ವರ್ಷ ಮೊದಲು, 1991ರಲ್ಲಿ, ‘ವಾಟ್ ಅಬೌಟ್ ಬಾಬ್?’ ಎಂಬ ಇನ್ನೊಂದು ಚಿತ್ರ ಬಂದಿತ್ತು. ಅದರಲ್ಲಿ ರೋಗಿ ಬಿಲ್ ಮರ್ರೆ, ವೈದ್ಯ ರಿಚರ್ಡ್ ಡ್ರೈಫಸ್. ವೈದ್ಯನು ರಜೆಗೆಂದು ಹೆಂಡತಿ ಮಕ್ಕಳೊಡನೆ ಸರೋವರದ ದಡಕ್ಕೆ ಹೋದರೆ ರೋಗಿ ಅಲ್ಲಿಗೂ ಹಿಂಬಾಲಿಸಿ ಬರುತ್ತಾನೆ, ಮನೆಮಂದಿಗೆಲ್ಲ ಪ್ರಿಯನಾಗುತ್ತಾನೆ, ಕೊನೆಗೆ ರೋಗಿ ಚೇತರಿಸಿಕೊಳ್ಳುತ್ತಾನೆ, ವೈದ್ಯನಿಗೇ ಬುದ್ಧಿ ಕೆಡುತ್ತದೆ. ಸ್ವಾರಸ್ಯವೆಂದರೆ ಇದೇ ಎಳೆಯನ್ನು ಅದಕ್ಕಿಂತ ಮೊದಲು ನಮ್ಮ ಪುಟ್ಟಣ್ಣ ಕಣಗಾಲರು ಹಿಡಿದಿದ್ದರು. 1982ರ ‘ಮಾನಸ ಸರೋವರ’ದಲ್ಲಿ ಶ್ರೀನಾಥರ ಮನೋವೈದ್ಯನು ತಾನು ಗುಣಪಡಿಸಿದ ಹುಡುಗಿಯನ್ನೇ ಪ್ರೀತಿಸಿ, ಅವಳ ಮನಸ್ಸು ಬೇರೆಯವನ ಮೇಲೆ ಹೋಯಿತೆಂದು ತಿಳಿದು, ತಾನೇ ಹುಚ್ಚನಾಗುತ್ತಾನೆ. ಅಲ್ಲಿ ಹಾಸ್ಯದ ಸೋಂಕೂ ಇಲ್ಲ. ಅಮೆರಿಕದವರು ಹೊಟ್ಟೆ ಹಿಡಿದು ನಕ್ಕ ಘಟನೆಗೆ ನಮ್ಮವರು ಕರವಸ್ತ್ರ ತೆಗೆದಿದ್ದರು.

ನಮ್ಮ ಚಿತ್ರಗಳಲ್ಲಿ ಮಾನಸಿಕ ರೋಗವೆಂದರೆ ಕಣ್ಣೀರೇ ಏಕೆ ಎಂದು ಯೋಚಿಸುವಾಗ ‘ಶರಪಂಜರ’ವನ್ನು ಬಿಡುವಂತಿಲ್ಲ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣನವರೇ 1971ರಲ್ಲಿ ತೆಗೆದ ಚಿತ್ರ ಇದು. ತ್ರಿವೇಣಿಯವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವರು. ಆ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು 1924ರಲ್ಲಿ ಕಟ್ಟಿದವರು ಡಾ. ಎಂ.ವಿ. ಗೋಪಾಲಸ್ವಾಮಿಯವರು, 1935ರಲ್ಲಿ ತಮ್ಮ ಮನೆಯಲ್ಲೇ ‘ಆಕಾಶವಾಣಿ’ಯನ್ನು ಆರಂಭಿಸಿದವರೂ ಅವರೇ. ಮನಸ್ಸನ್ನು ಕೇಳಿಸಿಕೊಳ್ಳುವ ಶಾಸ್ತ್ರವೂ ಮನೆಮನೆಗೆ ಕೇಳಿಸುವ ಯಂತ್ರವೂ ಮೈಸೂರಿನಲ್ಲಿ ಒಬ್ಬರ ಕೈಯಿಂದಲೇ ಬೆಳೆದದ್ದು ನನಗೆ ಬಹಳ ಹಿಡಿಸಿದ ಸಂಗತಿ. ಇರಲಿ. ‘ಶರಪಂಜರ’ದ ಕಾವೇರಿಗೆ ಹೆರಿಗೆಯ ನಂತರ ಮನಸ್ಸು ಕದಡುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿ ಆಕೆ ಪೂರ್ಣ ಗುಣಮುಖಳಾಗಿ ಮನೆಗೆ ಬರುತ್ತಾಳೆ. ಆದರೆ ಮನೆ ಅವಳನ್ನು ಗುಣಮುಖಳೆಂದು ಒಪ್ಪುವುದಿಲ್ಲ. ಜೋರಾಗಿ ನಕ್ಕರೂ ಸಂಶಯ, ಸುಮ್ಮನಿದ್ದರೂ ಸಂಶಯ. ವೈದ್ಯರು ಗೆದ್ದ ಯುದ್ಧವನ್ನು ಮನೆಯವರು ಸೋಲುತ್ತಾರೆ. ಕಲ್ಪನಾ ಅವರ ಅಭಿನಯವನ್ನು ವರ್ಣಿಸಲು ನಾನು ಹೋಗುವುದಿಲ್ಲ. ಆ ಚಿತ್ರವನ್ನು ನಾನು ಪೂರ್ತಿಯಾಗಿ ನೋಡಿದ್ದು ಒಂದೇ ಸಲ, ಎರಡನೆಯ ಸಲ ನೋಡಲು ಧೈರ್ಯ ಬಂದಿಲ್ಲ.

ಕಣ್ಣೀರಿನ ಚಿತ್ರಗಳನ್ನು ಬಿಟ್ಟರೆ ನಮ್ಮಲ್ಲಿ ಹುಚ್ಚಿಗೆ ಇನ್ನೊಂದೇ ಸ್ಥಾನವಿತ್ತು. ಅದು ನಡುನಡುವೆ ಬರುವ ಹಾಸ್ಯದ ದೃಶ್ಯ. ಹರಿದ ಅಂಗಿ, ಕೊರಳಲ್ಲಿ ಚಿಂದಿಯ ಹಾರ, ಕಂಡವರಿಗೆಲ್ಲ ಸಲಾಮು ಹೊಡೆಯುವ ಒಬ್ಬ ಮನುಷ್ಯ. ಅವನಿಗೆ ಹೆಸರಿಲ್ಲ, ಮನೆಯಿಲ್ಲ, ಯಾಕೆ ಹೀಗಾದನೆಂಬ ಕಥೆಯಿಲ್ಲ. ನಗಬೇಕಾದದ್ದು ಅವನನ್ನು ನೋಡಿ. ಒಂದು ಕಡೆ ಅಳು, ಇನ್ನೊಂದು ಕಡೆ ಅಪಹಾಸ್ಯ. ಇವೆರಡರ ನಡುವೆ ವೈದ್ಯರ ಬಾಗಿಲಿಗೆ ಹೋಗುವ ದಾರಿ ಎಲ್ಲೂ ಕಾಣುವುದಿಲ್ಲ.

ಹಾಗೆಂದು ಕನ್ನಡಕ್ಕೆ ಮೂರನೆಯ ದಾರಿ ಗೊತ್ತೇ ಇರಲಿಲ್ಲವೆಂದಲ್ಲ. ‘ರಾಶಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ ಅವರು 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿದ ವೈದ್ಯರು. ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಹಾಸ್ಯದ ಪುಸ್ತಕಕ್ಕಲ್ಲ, ಮನಸ್ಸಿನ ಕಾಯಿಲೆಗಳನ್ನು ಕುರಿತ ‘ಮನಮಂಥನ’ಕ್ಕೆ. ನಗಿಸಬಲ್ಲವನೇ ಮನಸ್ಸಿನ ನೋವನ್ನೂ ಬಲ್ಲ ಎಂಬುದಕ್ಕೆ ಇವರೇ ಸಾಕ್ಷಿ. ಆದರೆ ಪುಸ್ತಕ ಓದುವ ಮನೆಗಳು ಬೇರೆ, ಸಿನಿಮಾ ನೋಡುವ ಮನೆಗಳು ಬೇರೆ. ನಮ್ಮದು ಎರಡನೆಯ ಜಾತಿಯ ಮನೆ. ನಮ್ಮ ತಂದೆ ಡೈರಿಗೆ ಹಾಲು ಹಾಕಿ ನಮ್ಮನ್ನು ಸಾಕಿದವರು. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಅಲ್ಲಿಗೆ ಮನೋವೈದ್ಯನೆಂಬ ಮನುಷ್ಯ ಮೊದಲು ಬಂದದ್ದು ದೂರದರ್ಶನದ ಪೆಟ್ಟಿಗೆಯಿಂದ, ವಿಷ್ಣುವರ್ಧನರ ರೂಪದಲ್ಲಿ.

ಆ ಚಿತ್ರ ‘ಆಪ್ತಮಿತ್ರ’. ನಾನು ಹುಟ್ಟಿದ ಆಸುಪಾಸಿನಲ್ಲೇ, 2004ರ ಆಗಸ್ಟ್ ತಿಂಗಳಲ್ಲಿ, ಅದು ತೆರೆಗೆ ಬಂದಿತು. ನಿರ್ಮಾಪಕರು ದ್ವಾರಕೀಶ್, ನಿರ್ದೇಶಕರು ಪಿ. ವಾಸು. ಮೂಲ, ಫಾಸಿಲ್ ಅವರು 1993ರಲ್ಲಿ ಮಲಯಾಳಂನಲ್ಲಿ ತೆಗೆದ ‘ಮಣಿಚಿತ್ರತ್ತಾಳ್’. ಕನ್ನಡದ ನಂತರ 2005ರಲ್ಲಿ ಇದೇ ಕಥೆ ತಮಿಳಿನಲ್ಲಿ ‘ಚಂದ್ರಮುಖಿ’ಯಾಯಿತು, 2007ರಲ್ಲಿ ಹಿಂದಿಯಲ್ಲಿ ‘ಭೂಲ್ ಭುಲಯ್ಯಾ’ ಆಯಿತು.

ವಿಷ್ಣುವರ್ಧನ್ ಮತ್ತು ದ್ವಾರಕೀಶರ ಜೋಡಿ ಅಷ್ಟರಲ್ಲಿ ಹಳೆಯದಾಗಿತ್ತು. ದ್ವಾರಕೀಶರು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಅಣ್ಣನೊಡನೆ ಮೈಸೂರಿನಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿ ನಡೆಸುತ್ತಿದ್ದವರು. ಸೋದರಮಾವ ಹುಣಸೂರು ಕೃಷ್ಣಮೂರ್ತಿಯವರ ‘ವೀರ ಸಂಕಲ್ಪ’ದಿಂದ 1964ರಲ್ಲಿ ಚಿತ್ರರಂಗಕ್ಕೆ ಬಂದರು. 1975ರ ‘ಕಳ್ಳ ಕುಳ್ಳ’, 1977ರ ‘ಕಿಟ್ಟು ಪುಟ್ಟು’, 1978ರ ‘ಸಿಂಗಾಪೂರಿನಲ್ಲಿ ರಾಜಾ ಕುಳ್ಳ’, 1981ರ ‘ಗುರು ಶಿಷ್ಯರು’ ಇವೆಲ್ಲ ಈ ಎತ್ತರ ಗಿಡ್ಡರ ಜೋಡಿಯಿಂದಲೇ ಜನಪ್ರಿಯವಾದವು. ಒಬ್ಬರು ನಿಂತರೆ ಇನ್ನೊಬ್ಬರು ಕತ್ತೆತ್ತಿ ನೋಡಬೇಕು. ಒಬ್ಬರದು ತಗ್ಗಿದ ಗಂಭೀರ ದನಿ, ಇನ್ನೊಬ್ಬರದು ಕೀರಲು ಗದ್ದಲ. ನಡುವೆ ಇಬ್ಬರಿಗೂ ಮನಸ್ತಾಪ ಬಂದು ದೂರವಾಗಿದ್ದದ್ದೂ, ‘ಆಪ್ತಮಿತ್ರ’ ಮತ್ತೆ ಅವರನ್ನು ಕೂಡಿಸಿದ್ದೂ, ಸಾಲದಲ್ಲಿದ್ದ ದ್ವಾರಕೀಶರನ್ನು ಅದು ಎತ್ತಿ ನಿಲ್ಲಿಸಿದ್ದೂ ಚಿತ್ರಪ್ರೇಮಿಗಳಿಗೆ ತಿಳಿದ ವಿಷಯ.

ಕಥೆ ಬಹುಪಾಲು ಓದುಗರಿಗೆ ಗೊತ್ತಿದ್ದರೂ ನನ್ನ ವಾದಕ್ಕೆ ಬೇಕಾದಷ್ಟನ್ನು ಹೇಳುತ್ತೇನೆ. ರಮೇಶ್ ಮತ್ತು ಗಂಗಾ ಎಂಬ ದಂಪತಿಗಳು ಹಳೆಯ ಅರಮನೆಯಂಥ ಮನೆಯೊಂದಕ್ಕೆ ವಾಸಕ್ಕೆ ಬರುತ್ತಾರೆ. ಅಲ್ಲಿ ಮುಚ್ಚಿದ ಒಂದು ಕೋಣೆ. ಆ ಕೋಣೆಯಲ್ಲಿ ನಾಗವಲ್ಲಿ ಎಂಬ ನರ್ತಕಿಯ ಪ್ರೇತವಿದೆಯೆಂದು ಪ್ರತೀತಿ. ಕೋಣೆ ತೆರೆದ ಮೇಲೆ ಮನೆಯಲ್ಲಿ ಅನಾಹುತಗಳು ಆರಂಭವಾಗುತ್ತವೆ. ರಮೇಶನ ಗೆಳೆಯ, ಮನೋವೈದ್ಯ ವಿಜಯ್, ಆಗ ಬರುತ್ತಾನೆ. ಮನೆಮಂದಿಯ ಅನುಮಾನ ಮದುವೆಯಾಗದ ಸೌಮ್ಯ ಎಂಬ ಹುಡುಗಿಯ ಮೇಲೆ. ಕೊನೆಗೆ ತಿಳಿಯುವುದೇನೆಂದರೆ, ಎಲ್ಲರಿಗಿಂತ ಲವಲವಿಕೆಯಿಂದಿದ್ದ, ದೆವ್ವದ ಕಥೆಗೆ ಹೆದರದೆ ಆ ಬೀಗ ತೆಗೆಸಿದ ಗಂಗಾಳೇ ರೋಗಿ. ಕಥೆಯಲ್ಲಿ ಮುಳುಗಿ ಮುಳುಗಿ ಅವಳು ತನ್ನನ್ನೇ ನಾಗವಲ್ಲಿಯೆಂದು ಭಾವಿಸಿಬಿಟ್ಟಿದ್ದಾಳೆ. ಗಂಗಾಳ ಪಾತ್ರ ವಹಿಸಿದ ಸೌಂದರ್ಯ ಅವರು ಚಿತ್ರ ಬಿಡುಗಡೆಯಾಗುವ ಮೊದಲೇ, 2004ರ ಏಪ್ರಿಲ್ 17ರಂದು, ಬೆಂಗಳೂರಿನ ಬಳಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಈಗ ಜೋಡಿಯ ವಿಷಯಕ್ಕೆ ಬರೋಣ. ಇಲ್ಲಿ ದ್ವಾರಕೀಶರು ವೈದ್ಯನ ಹತ್ತಿರ ಚೀಟಿ ಮಾಡಿಸಿಕೊಂಡು ಬಂದ ರೋಗಿಯಲ್ಲ. ಆದರೆ ಚಿತ್ರದ ಉದ್ದಕ್ಕೂ ಕೈಕಾಲು ನಡುಗಿಸಿಕೊಂಡು, ನೆರಳು ಕಂಡರೂ ಬೆಚ್ಚುವವರು ಅವರು. ನಮ್ಮ ಕಣ್ಣಿಗೆ ರೋಗಿಯಂತೆ ಕಾಣುವವರು ಅವರೇ. ವೈದ್ಯನಾದರೋ ಕೋಣೆಯಿಲ್ಲದ, ಕುರ್ಚಿಯಿಲ್ಲದ ವೈದ್ಯ. ಅತಿಥಿಯಾಗಿ ಬಂದು ಮನೆಯವರೊಡನೆ ಹರಟುತ್ತ, ನಗುತ್ತ, ರಾತ್ರಿ ಎದ್ದು ಓಡಾಡುತ್ತ ಎಲ್ಲರನ್ನೂ ಗಮನಿಸುತ್ತಾನೆ. ಅವನು ಎಲ್ಲರ ಮೇಲೆ ಕಣ್ಣಿಟ್ಟರೆ, ಎಲ್ಲರೂ ಇವನಿಗೇ ಏನೋ ಆಗಿದೆಯೆಂದು ಅವನ ಮೇಲೆ ಕಣ್ಣಿಡುತ್ತಾರೆ. ತಕ್ಕಡಿ ಸಮವಾಗುವುದು ಇಲ್ಲಿಯೇ. ರೋಗಿ ಯಾರೆಂದು ಗೊತ್ತಿಲ್ಲದ ಮನೆಯಲ್ಲಿ ವೈದ್ಯನೂ ಸೇರಿ ಎಲ್ಲರೂ ರೋಗಿಗಳಾಗಬಲ್ಲರು.

ಇದರಿಂದ ಒಂದು ಒಳ್ಳೆಯದಾಯಿತೆಂಬುದು ನನ್ನ ಅಭಿಪ್ರಾಯ. ಕನ್ನಡದ ಪ್ರೇಕ್ಷಕ ನಕ್ಕದ್ದು ಕಾಯಿಲೆ ಬಿದ್ದವಳನ್ನು ನೋಡಿ ಅಲ್ಲ, ಆರೋಗ್ಯವಾಗಿದ್ದೇನೆಂದು ತಿಳಿದುಕೊಂಡಿದ್ದವರ ಭಯವನ್ನು ನೋಡಿ. ಗಂಗಾಳ ಮೇಲೆ ಇಡೀ ಚಿತ್ರದಲ್ಲಿ ಒಂದು ಹಾಸ್ಯದ ಮಾತೂ ಬಿದ್ದ ನೆನಪು ನನಗಿಲ್ಲ. ಚಿಂದಿಯ ಹಾರದ ಹುಚ್ಚನಿಂದ ನಾವು ಇಷ್ಟು ದೂರ ಬಂದಿದ್ದೇವೆ.

ಆದರೆ ಇದೇ ಗುಣದ ಬೆನ್ನಿಗೇ ಒಂದು ದೋಷವೂ ಇದೆ. ಅದು ನನಗೆ ತಿಳಿದದ್ದು ಪುಸ್ತಕದಿಂದಲ್ಲ. ಇಷ್ಟು ಹೊತ್ತಿಗೆ ಮನೆಯ ಮಾತು ಹೇಳುವುದು ನ್ಯಾಯ.

2022ರಲ್ಲಿ ನನ್ನ ಅಕ್ಕ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಹೆರಿಗೆ ಸುಸೂತ್ರವಾಯಿತು. ಹತ್ತನೆಯ ದಿನದ ಹೊತ್ತಿಗೆ ಅವಳು ನಿದ್ದೆ ಮಾಡುವುದನ್ನು ಬಿಟ್ಟಳು. ಮಗು ಮಲಗಿದ್ದರೂ ಮಲಗುತ್ತಿರಲಿಲ್ಲ. ನಡುರಾತ್ರಿ ಎದ್ದು ಮಗುವಿನ ಬಟ್ಟೆಗಳನ್ನು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು. ಬಾಣಂತಿಗೆ ಆಯಾಸವೆಂದು ಅವ್ವ ಅಂದುಕೊಂಡಳು. ಎರಡು ದಿನದ ಮೇಲೆ ಅಕ್ಕ ನನ್ನ ಕಿವಿಯ ಹತ್ತಿರ ಬಂದು, “ಇದು ನನ್ ಕೂಸಲ್ಲ ಕಣೆ, ಬದ್ಲಾಯ್ಸವ್ರೆ” ಎಂದಳು. ಅವಳ ಕಣ್ಣು ನೋಡಿ ನನಗೆ ಉಸಿರು ನಿಂತಂತಾಯಿತು.

ಅಜ್ಜಿ, “ಹಸಿ ಬಾಣಂತಿ, ಹೊತ್ತಲ್ಲದ ಹೊತ್ನಲ್ಲಿ ಹಿತ್ಲಿಗೆ ಹೋಗವ್ಳೆ, ಗಾಳಿ ಸೋಕೈತೆ” ಎಂದು ತೀರ್ಪು ಕೊಟ್ಟಳು. ಪಕ್ಕದ ಹಳ್ಳಿಯಿಂದ ಒಬ್ಬರು ಬಂದು, ತಾಯಿತ ಕಟ್ಟಿ, ದುಡ್ಡು ತೆಗೆದುಕೊಂಡು ಹೋದರು. ನಾನು ಹಟ ಹಿಡಿದು ಒಂದು ಕಡೆ ತೋರಿಸಲು ಕರೆದುಕೊಂಡು ಹೋದೆ. ಅಲ್ಲಿದ್ದವರು ಅಕ್ಕನನ್ನು ಸರಿಯಾಗಿ ನೋಡಲೂ ಇಲ್ಲ. “ಮಗೂಗೆ ಹಾಲು ಕೊಡೋಕೆ ಸೋಮಾರಿತನ, ಅದಕ್ಕೆ ನಾಟಕ” ಎಂದು ಬೈದು ಕಳಿಸಿದರು. ಅಪ್ಪನದು ಒಂದೇ ಮಾತು: “ಹೊರಗಡೆ ಗೊತ್ತಾಗದು ಬ್ಯಾಡ. ನಮ್ಮ ವಂಶದಾಗೆ ಹುಚ್ರು ಯಾರೂ ಇಲ್ಲ.” ಅವರ ಮೇಲೆ ನನಗೆ ಆಗ ಬಂದ ಕೋಪ ಈಗ ಇಲ್ಲ. ಅಳಿಯನ ಮನೆಯವರು ಏನೆಂದಾರು ಎಂಬ ಹೆದರಿಕೆ ಅವರಿಗೆ ಅಕ್ಕನ ಕಾಯಿಲೆಗಿಂತ ದೊಡ್ಡದಾಗಿ ಕಂಡಿತ್ತು.

ಆ ವಾರದ ಭಾನುವಾರ ದೂರದರ್ಶನದಲ್ಲಿ ‘ಆಪ್ತಮಿತ್ರ’ ಬಂದಿತು. ಮನೆಯಲ್ಲಿ ಯಾರಿಗೂ ಸಿನಿಮಾ ನೋಡುವ ಮನಸ್ಸಿರಲಿಲ್ಲ, ಆದರೂ ಪೆಟ್ಟಿಗೆಯನ್ನು ಆರಿಸುವ ಮನಸ್ಸೂ ಇರಲಿಲ್ಲ. ದ್ವಾರಕೀಶರು ಹೆದರಿ ಒದ್ದಾಡುವ ಕಡೆ ಅಪ್ಪ ನಕ್ಕರು, ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನಾನೂ ನಕ್ಕೆ. ಹತ್ತು ದಿನಗಳ ಮೇಲೆ ಮೊದಲ ಸಲ ನಕ್ಕದ್ದು. ಹಾಗೆ ನಗುತ್ತ ತಿರುಗಿದಾಗ ಗೋಡೆಗೆ ಒರಗಿ ಕೂತಿದ್ದ ಅಕ್ಕ ಕಂಡಳು. ಹೆದರಿದವನನ್ನು ನೋಡಿ ನಾವೆಲ್ಲ ನಗುತ್ತಿದ್ದೇವೆ. ನಿಜವಾಗಿ ಹೆದರಿರುವವಳು ನಮ್ಮ ನಡುವೆಯೇ ಕೂತು ತೆರೆಯನ್ನು ನೋಡುತ್ತಿದ್ದಾಳೆ. ನಾನು ಹೇಳಿದ ದೋಷ ಇದು. ಹಾಸ್ಯವು ರೋಗಿಯನ್ನು ಅವಮಾನದಿಂದ ಕಾಪಾಡುತ್ತದೆ ನಿಜ, ಹಾಗೆಯೇ ನಮ್ಮ ಕಣ್ಣಿನಿಂದ ಮರೆಮಾಡಿಯೂ ಬಿಡುತ್ತದೆ. ಚಿತ್ರದೊಳಗೆ ಗಂಗಾ ಮರೆಯಾದದ್ದೂ ಹೀಗೆಯೇ. ಕಥೆ ಕಟ್ಟಿದವರು ಅದನ್ನು ಬೇಕೆಂದೇ ಮಾಡಿದ್ದಾರೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ಬೇಕೆಂದು ಮಾಡಿರಲಿಲ್ಲ.

ಚಿತ್ರ ಮುಗಿದ ಮೇಲೆ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದಳು. ಮಲಗುವಾಗ ಅಪ್ಪನಿಗೆ, “ಲೇ ಮಗ, ಆ ಪಿಚ್ಚರ್ನಾಗೆ ಇದ್ನಲ್ಲ, ಅಂತಾ ಡಾಕ್ಟ್ರು ಎಲ್ಲಾರ ಅವ್ರಾ? ಇದ್ರೆ ಕರ್ಕೊಂಡೋಗು. ಬಯ್ಯೋರತ್ರ ಬ್ಯಾಡ” ಎಂದಳು. ನನ್ನ ಒಂದು ವಾರದ ವಾದದಿಂದ ಆಗದ್ದು ಅಜ್ಜಿಯ ಒಂದು ಮಾತಿನಿಂದ ಆಯಿತು. ಮಾರನೆಯ ದಿನ ಮಗುವನ್ನು ನೋಡಲು ಬಂದ ಆಶಾ ಕಾರ್ಯಕರ್ತೆ, ಮೈಸೂರಿನಲ್ಲಿ ಯಾವ ಸರ್ಕಾರಿ ಆಸ್ಪತ್ರೆಗೆ ಹೋಗಬೇಕೆಂದು ತಿಳಿಸಿದಳು.

ಅಜ್ಜಿಯೂ ಹಟ ಮಾಡಿ ನಮ್ಮೊಡನೆ ಬಸ್ಸು ಹತ್ತಿದಳು. ವಿಷ್ಣುವರ್ಧನರನ್ನೇ ನಿರೀಕ್ಷಿಸಿದ್ದಳೆಂದು ಕಾಣುತ್ತದೆ. ಒಳಗೆ ಕೂತಿದ್ದವರು ಚಿಕ್ಕ ವಯಸ್ಸಿನ ಒಬ್ಬ ಹೆಣ್ಣುಮಗಳು. ಎತ್ತರದಲ್ಲಿ ದ್ವಾರಕೀಶರಿಗೆ ಸಮ. “ಇವ್ಳಾ ಡಾಕ್ಟ್ರು?” ಎಂದು ಅಜ್ಜಿ ಎಲ್ಲರಿಗೂ ಕೇಳಿಸುವಂತೆ ಕೇಳಿದಳು. ಆ ಡಾಕ್ಟರು ಹಾಡಲಿಲ್ಲ, ಕುಣಿಯಲಿಲ್ಲ, ನಗಲೂ ಇಲ್ಲ. ಅಕ್ಕನ ಹೆಸರು ಕೇಳಿ, ಹೆಸರು ಹಿಡಿದೇ ಮಾತನಾಡಿಸಿದರು. ನಿದ್ದೆ ಎಷ್ಟು ದಿನದಿಂದ ಇಲ್ಲ, ಯಾರಾದರೂ ಮಾತನಾಡಿದಂತೆ ಕೇಳಿಸುತ್ತದೆಯೇ, ಮಗುವಿಗೆ ನನ್ನ ಕೈಯಿಂದಲೇ ಏನಾದರೂ ಆಗಿಬಿಡುತ್ತದೆಯೆಂದು ಭಯವಾಗುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಕೊನೆಯ ಪ್ರಶ್ನೆಗೆ ಅಕ್ಕ ಜೋರಾಗಿ ಅತ್ತಳು. ಅಷ್ಟು ದಿನ ಅದೇ ಪ್ರಶ್ನೆಯನ್ನು ಅವಳು ಒಬ್ಬಳೇ ಹೊತ್ತುಕೊಂಡಿದ್ದಳೆಂದು ನಮಗೆ ಆಗ ತಿಳಿಯಿತು.

ಆ ಡಾಕ್ಟರು ನಮಗೆ ಹೇಳಿದ್ದನ್ನೂ ಆಮೇಲೆ ನಾನು ಓದಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ. ಹೆರಿಗೆಯಾದ ಸಾವಿರ ಮಂದಿ ತಾಯಂದಿರಲ್ಲಿ ಒಬ್ಬಿಬ್ಬರಿಗೆ ಇಂಥ ತೀವ್ರ ಕಾಯಿಲೆ ಬರುತ್ತದೆ, ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲಿ. ದೇಹದೊಳಗಿನ ಹಾರ್ಮೋನುಗಳ ಮಟ್ಟ ಹೆರಿಗೆಯ ನಂತರ ಥಟ್ಟನೆ ಇಳಿಯುವುದು, ನಿದ್ದೆಗೇಡು, ಕೆಲವರಲ್ಲಿ ವಂಶದ ಒಲವು, ಇವೆಲ್ಲ ಕೂಡಿ ಇದಾಗುತ್ತದೆ. ತಡಮಾಡುವುದು ತಾಯಿಗೂ ಮಗುವಿಗೂ ಅಪಾಯ. ಬೇಗ ಚಿಕಿತ್ಸೆ ದೊರೆತರೆ ಬಹುಪಾಲು ತಾಯಂದಿರು ಪೂರ್ಣವಾಗಿ ಚೇತರಿಸಿಕೊಳ್ಳುತ್ತಾರೆ. ಇದಲ್ಲದೆ ಬಾಣಂತಿಯರನ್ನು ಕವಿಯುವ ಖಿನ್ನತೆ ಎಂಬುದೊಂದಿದೆ. ಅದು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಜನರಿಗೆ ಬರುತ್ತದೆ, ಗದ್ದಲ ಮಾಡದ ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಜೊತೆಯಲ್ಲೇ ಇರಿಸಿಕೊಂಡು ಚಿಕಿತ್ಸೆ ಮಾಡುವ ವಿಭಾಗವಿದೆ. ಕಾವೇರಿಯ ಕಾಲದಲ್ಲಿ ಅದು ಇರಲಿಲ್ಲ.

ನಿಮ್ಹಾನ್ಸ್ ಎಂಬ ಹೆಸರನ್ನು ನಮ್ಮ ಹಾಸ್ಯಚಿತ್ರಗಳು ಬೈಗುಳದಂತೆ ಬಳಸಿಬಿಟ್ಟಿವೆ. ಕಾಲೇಜಿನ ಕಟ್ಟೆಯ ಮೇಲೆ ನಾವೂ ಬಳಸುತ್ತೇವೆ. 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ ಹುಟ್ಟಿದ ಸಂಸ್ಥೆ ಅದು. ಮನೋವೈದ್ಯರು ಊರೂರಿಗೆ ಸಾಲದಿರುವಾಗ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟರೆ ಹೇಗೆ ಎಂಬ ಪ್ರಯೋಗವನ್ನು ಅಲ್ಲಿಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದರು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯ ಪ್ರಯೋಗವೇ ಮಾದರಿ. ಇಂಥದ್ದೊಂದು ನಮ್ಮ ರಾಜ್ಯದಿಂದ ದೇಶಕ್ಕೆ ಹೋಗಿದೆಯೆಂಬುದು ನಮ್ಮ ತರಗತಿಯ ಎಷ್ಟು ಜನರಿಗೆ ಗೊತ್ತಿದೆಯೋ. 2022ರ ಅಕ್ಟೋಬರ್ 10ರಿಂದ 14416 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಹಣವಿಲ್ಲದೆ ಕನ್ನಡದಲ್ಲೇ ಮಾತನಾಡಬಹುದಾದ ‘ಟೆಲಿ ಮಾನಸ್’ ಸೇವೆಯೂ ಬಂದಿದೆ.

ಇಷ್ಟು ತಿಳಿದ ಮೇಲೆ ಮತ್ತೊಮ್ಮೆ ‘ಆಪ್ತಮಿತ್ರ’ವನ್ನು ನೋಡಿದಾಗ ಅದರ ಚಿಕಿತ್ಸಾಕ್ರಮ ನನಗೆ ಒಪ್ಪಿಗೆಯಾಗಲಿಲ್ಲ. ವೈದ್ಯನು ಆಚಾರ್ಯರ ಜೊತೆ ಸೇರಿ ಪೂಜೆಯ ಏರ್ಪಾಡಿನಲ್ಲೇ ಒಂದು ಉಪಾಯ ಹೂಡಿ, ನಾಗವಲ್ಲಿ ತನ್ನ ಶತ್ರುವನ್ನು ಕೊಂದಳೆಂಬ ಭ್ರಮೆ ಹುಟ್ಟಿಸಿ, ಒಂದೇ ರಾತ್ರಿಯಲ್ಲಿ ಗಂಗಾಳನ್ನು ಬಿಡಿಸುತ್ತಾನೆ. ವಾಸ್ತವದಲ್ಲಿ ರೋಗಿಯನ್ನು ಮೋಸಗೊಳಿಸಿ ಗುಣಪಡಿಸುವ ಪದ್ಧತಿಯಿಲ್ಲ. ಒಂದು ರಾತ್ರಿಯಲ್ಲಿ ಮುಗಿಯುವ ಕೆಲಸವೂ ಅದಲ್ಲ. ನನ್ನ ಅಕ್ಕ ಒಂದು ವರ್ಷದವರೆಗೆ ಮಾತ್ರೆ ನುಂಗಿದಳು, ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿಬಂದಳು. ಅದನ್ನು ಯಾರೂ ಸಿನಿಮಾ ಮಾಡುವುದಿಲ್ಲ, ಮಾಡಿದರೆ ಯಾರೂ ನೋಡುವುದಿಲ್ಲ. 2010ರಲ್ಲಿ, ವಿಷ್ಣುವರ್ಧನರು ತೀರಿಕೊಂಡ ಮೇಲೆ ಬಿಡುಗಡೆಯಾದ ‘ಆಪ್ತರಕ್ಷಕ’ದಲ್ಲಂತೂ ವೈದ್ಯ ವಿಜಯನ ಎದುರಿಗೆ ಹಳೆಯ ಕಾಲದ ರಾಜನೇ ಬದುಕಿ ನಿಂತಿದ್ದಾನೆ. ಮೊದಲ ಚಿತ್ರದಲ್ಲಿ ಕಷ್ಟಪಟ್ಟು ಹೊರಗೆ ಹಾಕಿದ್ದ ಪವಾಡವನ್ನು ಎರಡನೆಯದರಲ್ಲಿ ಮುಂಬಾಗಿಲಿನಿಂದ ಕರೆತಂದರು. ವಿಷ್ಣುವರ್ಧನರ ಅಭಿಮಾನಿಗಳು ನಮ್ಮ ಊರಿನಲ್ಲಿ ಬಹಳ ಮಂದಿ ಇದ್ದಾರೆ, ಆದ್ದರಿಂದ ಇದನ್ನು ಮೆಲ್ಲಗೆ ಹೇಳುತ್ತಿದ್ದೇನೆ.

ಆದರೂ ಆ ಚಿತ್ರದ ಮೇಲೆ ನನಗೆ ಕೃತಜ್ಞತೆ ಇದೆ. ಅದರಲ್ಲಿನ ಶಾಸ್ತ್ರ ತಪ್ಪಿರಬಹುದು, ವೈದ್ಯನ ನಡವಳಿಕೆ ತಪ್ಪಿಲ್ಲ. ಅವನು ರೋಗಿಯನ್ನು ಬಯ್ಯುವುದಿಲ್ಲ, ಗಂಡನ ಮುಂದೆ ಹಗುರ ಮಾಡುವುದಿಲ್ಲ, ಅವಳಿಗಾಗಿ ತಾನೇ ನಗೆಪಾಟಲಾಗಲು ಒಪ್ಪುತ್ತಾನೆ. ಅಕ್ಷರ ಬಾರದ ನನ್ನ ಅಜ್ಜಿ ಹಿಡಿದುಕೊಂಡದ್ದು ಇದನ್ನೇ. ಕನ್ನಡದಲ್ಲಿ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಮನಸ್ಸಿನ ಕಾಯಿಲೆಗಳನ್ನು ಕುರಿತು ಜನರಿಗೆ ತಿಳಿಯುವಂತೆ ಎಷ್ಟೋ ಪುಸ್ತಕಗಳನ್ನು ಬರೆದಿದ್ದಾರೆ. ಅವುಗಳಲ್ಲಿ ಒಂದೂ ನಮ್ಮ ಮನೆಗೆ ಬಂದಿರಲಿಲ್ಲ. ಈಗ ಎರಡಿವೆ, ಕಾಲೇಜಿನ ಗ್ರಂಥಾಲಯದಿಂದ ನಾನು ತಂದು ಇನ್ನೂ ಹಿಂದಿರುಗಿಸದವು. ಗ್ರಂಥಪಾಲಕರು ಮನ್ನಿಸಬೇಕು.

ದ್ವಾರಕೀಶರು 2024ರ ಏಪ್ರಿಲ್ 16ರಂದು ತೀರಿಕೊಂಡಾಗ ವಾಹಿನಿಯೊಂದರಲ್ಲಿ ಮತ್ತೆ ‘ಆಪ್ತಮಿತ್ರ’ ಹಾಕಿದ್ದರು. ಅಕ್ಕ ಮಗುವಿನೊಡನೆ ಊರಿಗೆ ಬಂದಿದ್ದಳು. ಈ ಸಲ ದ್ವಾರಕೀಶರನ್ನು ನೋಡಿ ಅವಳೂ ನಕ್ಕಳು. ಗಂಗಾಳ ದೃಶ್ಯ ಬಂದಾಗ ಎದ್ದು ಅಡುಗೆಮನೆಗೆ ಹೋದಳು. ಈ ಲೇಖನವನ್ನು ಬರೆಯಲೇ ಎಂದು ನಾನು ಕೇಳಿದಾಗ, “ಬರಿ, ನನ್ ಹೆಸ್ರು ಮಾತ್ರ ಹಾಕ್ಬೇಡ. ಆ ಡಾಕ್ಟರಮ್ಮ ಕುಳ್ಳಿ ಅಂತಾನೂ ಬರೀಬೇಡ, ಪಾಪ” ಎಂದಳು. ಮೊದಲನೆಯದನ್ನು ನಡೆಸಿಕೊಟ್ಟಿದ್ದೇನೆ. ತಾಯಿತ ಈಗಲೂ ಮಗುವಿನ ತೊಟ್ಟಿಲಿಗೆ ಕಟ್ಟಿದೆ. ಗುಣವಾದದ್ದು ಅದರಿಂದಲೇ ಎಂದು ಅಜ್ಜಿ, ಮಾತ್ರೆಯಿಂದ ಎಂದು ನಾನು, ಈಗಲೂ ಜಗಳವಾಡುತ್ತೇವೆ.